ಮೊದಲ ಫಾರಂ ಕೊನೆಗೆ

ನಮ್ಮತ್ತೆ ಯಾವ ಪುಸ್ತಕವನ್ನೂ ಮೊದಲಿನಿಂದ ಓದಿದವರಲ್ಲ. ಆದರೆ ಅವರಷ್ಟು ಪುಸ್ತಕ ಓದಿದವರನ್ನು ನಾನು ಕಾಲೇಜಿನಲ್ಲೂ ಕಂಡಿಲ್ಲ.

ನಮ್ಮದು ಪುಸ್ತಕ ಕಟ್ಟುವ ಮನೆ. ಕೆಳಗೆ ಬೈಂಡಿಂಗ್ ಕೆಲಸ, ಮೇಲೆ ಸಂಸಾರ. ಮುದ್ರಣಾಲಯದಿಂದ ಚಾದರದಷ್ಟು ಅಗಲದ ಹಾಳೆಗಳು ಬರುತ್ತವೆ. ಒಂದು ಹಾಳೆಯ ಎರಡೂ ಬದಿ ಸೇರಿ ಹದಿನಾರು ಪುಟ. ಮಡಿಸಿದರೆ ಅದು ಒಂದು ಫಾರಂ. ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ, ಬೆನ್ನಿಗೆ ಹೊಲಿಗೆ ಹಾಕಿ, ಅಂಟು ಬಳಿದು, ರಟ್ಟು ತೊಡಿಸಿದರೆ ಪುಸ್ತಕ. ಮುದ್ರಣಾಲಯದವರು ಅವನ್ನು ಒಂದು, ಎರಡು, ಮೂರು ಎಂದು ವರಸೆಯಾಗಿ ಕಳಿಸುವುದಿಲ್ಲ. ಇವತ್ತು ಏಳನೆಯದು ಬಂದರೆ ನಾಳೆ ಮೂರನೆಯದು ಬರುತ್ತದೆ. ಮೊದಲನೆಯ ಫಾರಂ ಮಾತ್ರ ಯಾವಾಗಲೂ ಕೊನೆಗೇ ಬರುವುದು. ಅದರಲ್ಲಿ ಮುನ್ನುಡಿ, ಅರ್ಪಣೆ ಎಲ್ಲ ಇರುತ್ತವೆ, ಮತ್ತು ಮುನ್ನುಡಿ ಬರೆಯುವ ದೊಡ್ಡವರು ಯಾವ ಕಾಲಕ್ಕೂ ಹೊತ್ತಿಗೆ ಸರಿಯಾಗಿ ಬರೆದುಕೊಟ್ಟದ್ದಿಲ್ಲ.

ಅತ್ತೆ ಮಡಿಸುವ ಮೇಜಿನ ಮುಂದೆ ಕೂತರೆ ಬಂದ ಫಾರಂನ ಒಂದು ಪ್ರತಿಯನ್ನು ಎದುರಿಗೆ ಆನಿಸಿ ಇಟ್ಟುಕೊಳ್ಳುತ್ತಾರೆ. ಕೈ ಮಡಿಸುತ್ತಿರುತ್ತದೆ, ಕಣ್ಣು ಓದುತ್ತಿರುತ್ತದೆ. ಅಭಿಪ್ರಾಯ ಮಾತ್ರ ಊಟದ ಹೊತ್ತಿಗೆ ಹೊರಬರುತ್ತದೆ.

"ಈ ಕಾದಂಬರಿಯವನಿಗೆ ಕಿಟಕಿ ಅಂದ್ರೆ ಪ್ರಾಣ ಕಣೇ. ಮನೆಯಲ್ಲಿ ಜಗಳ ಶುರುವಾಗ್ತಿದ್ದ ಹಾಗೇ ಗಂಡಸು ಎದ್ದು ಹೋಗಿ ಕಿಟಕಿ ಹತ್ರ ನಿಂತ್ಕೊಳ್ತಾನೆ. ಎಂಟನೇ ಫಾರಂನಲ್ಲಿ ನಿಂತಿದ್ದ. ಇವತ್ತು ಐದನೇದು ಬಂತು, ಅದರಲ್ಲೂ ನಿಂತಿದ್ದಾನೆ. ಕಾಲು ನೋಯಲ್ವಾ ಅವನಿಗೆ?"

ಆತ್ಮಕಥೆಗಳ ಮೇಲೆ ಅವರಿಗೆ ಇನ್ನೊಂದು ಬಗೆಯ ಗುಮಾನಿ.

"ಆತ್ಮಕಥೆ ಬರೆಯೋರ ಅಮ್ಮಂದಿರೆಲ್ಲ ಸಾಕ್ಷಾತ್ ದೇವತೆಗಳು. ಜೋರು ಬಾಯಿಯ ಅಮ್ಮಂದಿರ ಮಕ್ಕಳು ಪುಸ್ತಕಾನೇ ಬರೆಯಲ್ವೇನೋ!"

"ಬರೆಯೋಕೆ ಪುರುಸೊತ್ತು ಕೊಟ್ರೆ ತಾನೇ," ಎಂದರು ನಮ್ಮವರು, ತಟ್ಟೆಯಿಂದ ತಲೆಯೆತ್ತದೆ.

ನಾನು ಬಿ.ಎ. ಮಾಡಿದವಳು. ಒಂದು ಪುಸ್ತಕದ ಬಗ್ಗೆ ಏನಾದರೂ ಹೇಳಬೇಕೆಂದರೆ ಹತ್ತು ಸಲ ಯೋಚಿಸಿ, ಮನಸ್ಸಿನಲ್ಲೇ ತಿದ್ದಿ, ಕೊನೆಗೆ ಬೇಡವೆಂದು ಬಾಯಿ ಮುಚ್ಚಿಕೊಳ್ಳುವವಳು. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ಇಳಿದ ಮೆಟ್ಟಿಲನ್ನು ಮತ್ತೆ ಹತ್ತುತ್ತೇನೆ. ಈ ಸ್ವಭಾವಕ್ಕೆ ತಕ್ಕ ಕೆಲಸವೇ ನನಗೆ ಸಿಕ್ಕಿದೆ. ಹೊಲಿಗೆಗೆ ಹೋಗುವ ಮುಂಚೆ ಪ್ರತಿ ಪುಸ್ತಕದ ಫಾರಂಗಳು ವರಸೆಯಲ್ಲಿವೆಯೇ, ಯಾವುದಾದರೂ ತಲೆಕೆಳಗಾಗಿದೆಯೇ ಎಂದು ನೋಡುವುದು ನಾನು. ನನ್ನ ಕಣ್ಣು ತಪ್ಪಿಸಿ ಒಂದು ಪುಟವೂ ಹೊರಗೆ ಹೋಗಿಲ್ಲ. ಈ ಮಾತನ್ನು ಹೇಳಿಕೊಳ್ಳುವಷ್ಟು ಹೆಮ್ಮೆ ನನಗೂ ಇದೆ.

ನಮಗೆ ಹೆಚ್ಚು ಕೆಲಸ ಕೊಡುವ ಪ್ರಕಾಶಕರಿಗೆ ಅತ್ತೆ ಇಟ್ಟ ಹೆಸರು ನಾಳೆಯಪ್ಪ. ಯಾವಾಗ ಬೇಕು ಎಂದು ಕೇಳಿದರೂ ಅವರ ಬಾಯಲ್ಲಿ "ನಾಳೆ" ಬಿಟ್ಟು ಬೇರೆ ಮಾತಿಲ್ಲ. ಒಂದು ಮಧ್ಯಾಹ್ನ ಅವರು ಬಂದಾಗ ನಾವು ಕೆಳಗೇ ಕೂತು ಊಟ ಮಾಡುತ್ತಿದ್ದೆವು. ಅವರು ಪ್ರಕಟಿಸುತ್ತಿದ್ದ ಹೊಸ ಕಾದಂಬರಿಯ ಮಾತೇ ನಡೆದಿತ್ತು. ಮೂವರು ಅಣ್ಣಂದಿರು ಮತ್ತು ಒಬ್ಬ ತಂಗಿ ಮನೆ ಹಂಚಿಕೊಳ್ಳುವ ಕಥೆ.

"ನಡುವಿನ ಅಣ್ಣ ಒಳ್ಳೆಯವನು ಅನ್ನೋದರಲ್ಲಿ ಬರೆದವನಿಗೇ ನಂಬಿಕೆಯಿಲ್ಲ," ಎನ್ನುತ್ತಿದ್ದರು ಅತ್ತೆ. "ಅದಕ್ಕೇ ಎರಡೆರಡು ಪುಟಕ್ಕೆ ಯಾರ ಬಾಯಲ್ಲಾದ್ರೂ ಹೇಳಿಸ್ತಾನೆ, ಅವನು ಒಳ್ಳೆಯವನು, ಅವನು ಒಳ್ಳೆಯವನು ಅಂತ. ಒಳ್ಳೆಯವನಾಗಿದ್ರೆ ಏನಾದ್ರೂ ಮಾಡಿ ತೋರಿಸಲಿ."

ಬಾಗಿಲಲ್ಲಿ ನಿಂತಿದ್ದ ನಾಳೆಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ತಿಂಗಳಿಗೊಮ್ಮೆ ಅವರು ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ ಒಂದು ಸಂಜೆ ನಡೆಸುತ್ತಾರೆ. ಓದುಗರು ಹೊಸ ಪುಸ್ತಕಗಳ ಬಗ್ಗೆ ಮಾತಾಡುತ್ತಾರೆ, ಬರೆದವರು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಾರೆ.

"ಅಮ್ಮಾ, ಈ ಸಲ ನೀವು ಬನ್ನಿ. ಈ ಕಾದಂಬರಿ, ನಮ್ಮದೇ ಆ ಕಿಟಕಿಯವನ ಕಾದಂಬರಿ, ಆಮೇಲೆ ಈಗ ಬರ್ತಾ ಇರೋ ಫುಟ್‌ಬಾಲ್ ರೆಫರಿಯವರ ಆತ್ಮಕಥೆ. ಮೂರರ ಬಗ್ಗೆಯೂ ಹೇಳಿ."

"ಅದಕ್ಕೇನು, ಬರ್ತೀನಿ," ಎಂದರು ಅತ್ತೆ. "ಕೂರೋಕೆ ಕುರ್ಚಿ ಇರುತ್ತೆ ತಾನೇ?"

ನಾಳೆಯಪ್ಪ ಅತ್ತ ಹೋಗುತ್ತಿದ್ದಂತೆ ಅತ್ತೆ ಇನ್ನೊಂದು ಮಾತು ಸೇರಿಸಿದರು.

"ಪಾಪ, ಆ ತಂಗಿ ಸತ್ತ ಮೇಲೆ ಅಣ್ಣಂದಿರಿಗೆ ಹೇಳೋರು ಕೇಳೋರು ಇಲ್ಲದ ಹಾಗಾಯ್ತು."

"ಅತ್ತೆ, ಅವಳು ಸತ್ತಿಲ್ಲ. ನಾಲ್ಕನೇ ಫಾರಂನಲ್ಲಿ ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗ್ತಾಳೆ. ಕೊನೆಯಲ್ಲಿ ವಾಪಸ್ ಬರ್ತಾಳಲ್ಲ."

"ಹೌದಾ? ಆ ಫಾರಂ ಬಂದ ದಿನ ನಾನು ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ. ಕೊನೇಲಿ ಹಜಾರದಲ್ಲಿ ಕೂತಿರೋದು ಅವಳಾ? ಯಾರೋ ನೆಂಟರು ಅಂದ್ಕೊಂಡೆ."

ಆ ಸಭೆಗೆ ನಾನು ಎರಡು ಸಲ ಹೋಗಿದ್ದೇನೆ. ಕಾಲೇಜು ಮೇಷ್ಟ್ರುಗಳು, ಪತ್ರಿಕೆಯವರು, ನಿಧಾನವಾಗಿ ತಲೆಯಾಡಿಸುವ ಹೆಂಗಸರು ಬರುತ್ತಾರೆ. ಬದುಕಿರುವವಳನ್ನು ಅತ್ತೆ ಅಲ್ಲಿ ಸಾಯಿಸಿಬಿಟ್ಟರೆ ಏನು ಗತಿ? ಪುಸ್ತಕವನ್ನು ಹಿಂದುಮುಂದಾಗಿ ಓದುವ ಬೈಂಡಿಂಗ್ ಹೆಂಗಸು ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಆಡಿಕೊಂಡು ನಗುತ್ತಾರೆ. ಅತ್ತೆಯನ್ನು ನೋಡಿ ನಗುವ ಹಕ್ಕು ನಮ್ಮ ಊಟದ ಮೇಜಿನವರಿಗಷ್ಟೇ ಇರುವುದು. ಹೊರಗಿನ ಯಾರಿಗೂ ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಹಾಗಾಗಿ ನಾನೇ ಒಂದು ಉಪಾಯ ಮಾಡಿದೆ. ಕಟ್ಟಿ ಮುಗಿದಿದ್ದ ಎರಡೂ ಕಾದಂಬರಿಗಳನ್ನು ತಂದು ಅವರ ಕೈಗಿಟ್ಟೆ. "ಅತ್ತೆ, ಈ ಸಲ ಮೊದಲನೇ ಪುಟದಿಂದ, ವರಸೆಯಾಗಿ ಓದಿ. ಅಷ್ಟು ಜನರ ಮುಂದೆ ಮಾತಾಡೋದಲ್ವಾ?"

ಒಂದು ಮಾತೂ ಎದುರಾಡದೆ ಒಪ್ಪಿಕೊಂಡರು. ಅದೇ ನನಗೆ ಆಶ್ಚರ್ಯ. ಕುರ್ಚಿಯನ್ನು ಮೇಲಿನ ಕೋಣೆಗೆ ಹಾಕಿಸಿಕೊಂಡು, ಕನ್ನಡಕ ಒರೆಸಿಕೊಂಡು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಓದತೊಡಗಿದರು. ಕೆಳಗೆ ಅವರ ಜಾಗದಲ್ಲಿ ನಾನು ಮಡಿಸಿದೆ. ರೆಫರಿಯವರ ಆತ್ಮಕಥೆ ಬಂದದ್ದು, ಮಡಿಸಿದ್ದು, ಹೊಲಿದದ್ದು, ರಟ್ಟು ಹಾಕಿದ್ದು ಎಲ್ಲವೂ ಅತ್ತೆ ಮೇಲೆ ಕೂತಿದ್ದಾಗಲೇ ನಡೆದು ಹೋಯಿತು.

ಊಟದ ಹೊತ್ತಿನಲ್ಲಿ ಮಾತೇ ಇಲ್ಲದಂತಾಯಿತು.

"ಹೇಗಿದೆ ಅತ್ತೆ?"

"ಚೆನ್ನಾಗಿದೆ."

"ಯಾವುದು ಚೆನ್ನಾಗಿದೆ?"

"ಎಲ್ಲಾ ಚೆನ್ನಾಗಿದೆ. ಮಾನವ ಸಂಬಂಧಗಳ ಸೂಕ್ಷ್ಮ ಹೆಣಿಗೆ."

ನಮ್ಮವರ ಕೈಯಲ್ಲಿದ್ದ ಲೋಟ ಬಾಯಿಗೂ ಮೇಜಿಗೂ ನಡುವೆ ನಿಂತುಬಿಟ್ಟಿತು. "ಅಮ್ಮಾ, ಮೈ ಬಿಸಿ ಇದೆಯಾ?"

"ಹಾಗಂತ ಮುನ್ನುಡಿಯಲ್ಲಿದೆ ಕಣೋ."

ಎರಡನೇ ಕಾದಂಬರಿಯೂ ಚೆನ್ನಾಗಿತ್ತು. ಕಿಟಕಿಯ ಹತ್ತಿರ ನಿಲ್ಲುವವನ ಬಗ್ಗೆ ಕೇಳಿದರೆ, ಅವನು ಆಧುನಿಕ ಮನುಷ್ಯನ ಒಂಟಿತನದ ಸಂಕೇತವಂತೆ. ನಾನು ಅನ್ನ ಕಲಸುತ್ತಲೇ ಇದ್ದೆ, ಬಾಯಿಗಿಡಲು ಮನಸ್ಸಾಗಲಿಲ್ಲ.

ಸಭೆಯ ಹಿಂದಿನ ದಿನ ಅತ್ತೆ ನನ್ನನ್ನು ಮೇಲೆ ಕರೆದರು. ಎರಡೂ ಪುಸ್ತಕಗಳು ಮಡಿಲಲ್ಲಿದ್ದವು.

"ನಾಳೆಯಪ್ಪನಿಗೆ ಹೇಳಿಬಿಡು. ನಾನು ಬರಲ್ಲ ಅಂತ."

"ಯಾಕೆ ಅತ್ತೆ?"

"ಹೇಳೋಕೆ ನನ್ನ ಹತ್ರ ಏನೂ ಇಲ್ಲ. ಹೀಗೆ ಓದಿದ್ರೆ ನನಗೆ ಓದಿದ ಹಾಗೇ ಆಗಲ್ಲ ಕಣೇ. ನಡುವಿನಿಂದ ಓದಿದ್ರೆ, ಜಗಳ ನಡೀತಿರೋ ಮನೆಗೆ ಕಾಲಿಟ್ಟ ಹಾಗಿರುತ್ತೆ. ಇವರೆಲ್ಲ ಯಾರು, ಯಾರಿಗೆ ಯಾರ ಮೇಲೆ ಸಿಟ್ಟು ಅಂತ ಒಬ್ಬೊಬ್ಬರ ಮುಖಾನೂ ನೋಡ್ತೀನಿ. ಮೊದಲಿನಿಂದ ಓದಿದ್ರೆ ಮುಂದೇನಾಗುತ್ತೆ ಅಂತ ಓಡ್ತಾ ಇರ್ತೀನಿ, ಯಾರ ಮುಖಾನೂ ನೋಡಲ್ಲ. ಅದೂ ಅಲ್ದೆ, ಆ ಮುನ್ನುಡಿಯವರು ಬಾಗಿಲಲ್ಲೇ ನಿಂತು ಎಲ್ಲಾ ಹೇಳಿ ಕಳಿಸ್ತಾರೆ. ಆಮೇಲೆ ನನ್ನ ಕಣ್ಣಿಗೆ ಬೇರೇನೂ ಕಾಣಿಸ್ಲೇ ಇಲ್ಲ."

ಸಿಟ್ಟು ಮಾಡಿಕೊಂಡು ಹೇಳಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಅವರು ಸೋತವರ ದನಿಯಲ್ಲಿ ಹೇಳಿದರು. ಆ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ. ಜನ ಅವರನ್ನು ನೋಡಿ ನಗದಿರಲಿ ಎಂದು ನಾನು ಅವರ ಮಾತನ್ನೇ ಕಿತ್ತುಕೊಂಡಿದ್ದೆ.

ನಾನು ಕೆಳಗಿಳಿದೆ. ಕಟ್ಟಿ ಪೇರಿಸಿಟ್ಟಿದ್ದ ರೆಫರಿಯವರ ಆತ್ಮಕಥೆಗಳಲ್ಲಿ ಒಂದನ್ನು ಎತ್ತಿಕೊಂಡೆ. ಚಾಕು ತೆಗೆದುಕೊಂಡು ರಟ್ಟನ್ನು ಬೆನ್ನಿನಿಂದ ಸೀಳಿದೆ.

"ಏಯ್! ಹುಚ್ಚು ಹಿಡೀತಾ ನಿನಗೆ?" ನಮ್ಮವರು ಅಂಟಿನ ಕುಂಚವನ್ನು ಕೈಯಲ್ಲೇ ಹಿಡಿದು ಓಡಿಬಂದರು. "ಒಳ್ಳೇ ಪ್ರತಿ ಅದು! ನಾಳೆಯಪ್ಪನಿಗೆ ಒಂದು ಕಡಿಮೆ ಬೀಳುತ್ತೆ."

"ಬೀಳಲಿ."

ಈ ಮನೆಗೆ ಬಂದಾಗಿನಿಂದ ಸಾವಿರಾರು ಪುಸ್ತಕಗಳನ್ನು ಸರಿಯಾಗಿ ಕಟ್ಟಿಸಿ ಕಳಿಸಿದ ಕೈ ನನ್ನದು. ಸರಿಯಾಗಿದ್ದ ಒಂದನ್ನು ಬಿಚ್ಚಿದ್ದು ಅದೇ ಮೊದಲು. ಹೊಲಿಗೆಯ ದಾರವನ್ನು ಒಂದೊಂದೇ ಗಂಟಿನಲ್ಲಿ ಕತ್ತರಿಸಿ ಎಳೆದೆ. ಅಂಟು ಚರ್ರೆಂದು ಹರಿಯಿತು. ಫಾರಂಗಳು ಬಿಡಿಬಿಡಿಯಾದ ಮೇಲೆ ಇಸ್ಪೀಟೆಲೆಯ ಹಾಗೆ ಕಲಸಿ, ಮೇಲೆ ಒಯ್ದು ಅತ್ತೆಯ ಮುಂದಿಟ್ಟೆ.

"ಈಗ ಓದಿ."

ಅತ್ತೆ ಆ ಕಟ್ಟನ್ನೂ ನನ್ನ ಮುಖವನ್ನೂ ನೋಡಿದರು. "ಕಟ್ಟಿದ ಪುಸ್ತಕ ಬಿಚ್ಚಿದ್ಯಾ?" ಎಂದರು. ಉತ್ತರಕ್ಕೆ ಕಾಯದೆ ಕೈಯಾಡಿಸಿ ಮೊದಲನೆಯ ಫಾರಂ ಹುಡುಕಿ ತೆಗೆದು, ಪಕ್ಕಕ್ಕಿಟ್ಟರು. "ಇದು ಆಮೇಲೆ." ಮಿಕ್ಕಿದ್ದನ್ನು ಎತ್ತಿಕೊಂಡು ಕೆಳಗಿಳಿದು, ತಮ್ಮ ಮೇಜಿನ ಮುಂದೆ ಕೂತರು. ಓದಲು ಎಂದಲ್ಲ, ಮಡಿಸಲು. ಮುಂದೊಂದು ಪಾಠಪುಸ್ತಕದ ಹಾಳೆಗಳ ರಾಶಿಯಿತ್ತು. ಕೈ ಓಡಿತು. ಕಣ್ಣೂ ಓಡಿತು.

ಮಾರನೆಯ ದಿನ ಊಟದ ಹೊತ್ತಿಗೆ ಅತ್ತೆ ತಟ್ಟೆಯನ್ನು ಸರಿಸಿ, "ಈ ರೆಫರಿಗೆ ಹೆಂಡತಿ ಇದ್ದಳೋ ಇಲ್ಲವೋ?" ಎಂದರು.

ನಮ್ಮವರು ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಬೆನ್ನಿಗೇ ಇನ್ನೊಂದು ನೆನಪಾಯಿತು. ಅತ್ತೆ ಪಕ್ಕಕ್ಕಿಟ್ಟ ಮೊದಲ ಫಾರಂನಲ್ಲಿ ಅರ್ಪಣೆಯಿದೆ. ಆ ಅರ್ಪಣೆ ಹೆಂಡತಿಗೇ ಇರುವುದು. ಪ್ರತಿಯೊಂದು ಪುಸ್ತಕವನ್ನೂ ತಿರುವಿ ನೋಡಿದ ನನಗೆ ಆ ಸಾಲು ಬಾಯಿಪಾಠವಾಗಿತ್ತು. ಈಗ ಹೇಳಿದರೆ ಆ ಮುನ್ನುಡಿಯವರಂತೆ ನಾನೇ ಬಾಗಿಲಲ್ಲಿ ನಿಂತ ಹಾಗಾಗುತ್ತದೆ. ಹೇಳದಿದ್ದರೆ ಸಂಜೆ ಯಾರಾದರೂ ಎದ್ದು ಹೇಳಿಯೇ ಹೇಳುತ್ತಾರೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದೆ. ಹೇಳಲಿಲ್ಲ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನ ತುದಿಯಲ್ಲಿ ರೆಫರಿಯವರು ಕೂತಿದ್ದರು. ವಯಸ್ಸಾಗಿದ್ದರೂ ಬೆನ್ನು ಬಾಗಿರಲಿಲ್ಲ. ಕೂತಲ್ಲೇ ಯಾರಾದರೂ ತಪ್ಪು ಮಾಡಲಿ ಎಂದು ಕಾಯುತ್ತಿರುವ ಹಾಗೆ ಕಂಡರು. ಅತ್ತೆಗಿಂತ ಮೊದಲು ಮಾತಾಡಿದ ಮೇಷ್ಟ್ರು ತುಂಬ ಹೊತ್ತು ಮಾತಾಡಿದರು. ಅವರು ಮುಗಿಸಿದಾಗ ಜನ ಚಪ್ಪಾಳೆ ತಟ್ಟಿದ್ದು ಮೆಚ್ಚಿಯೋ, ಮುಗಿಯಿತೆಂದೋ ತಿಳಿಯಲಿಲ್ಲ.

ಅತ್ತೆ ಕುರ್ಚಿಯಲ್ಲಿ ಕೂತೇ ಮೈಕ್ ಹಿಡಿದರು.

"ನಾನು ಪುಸ್ತಕ ಕಟ್ಟೋಳು. ಫಾರಂ ಬಂದ ಹಾಗೆ ಓದ್ತೀನಿ. ಅದಕ್ಕೇ ಈ ಮನೆ ಹಂಚೋ ಕಾದಂಬರಿಯಲ್ಲಿ ತಂಗಿ ಸತ್ತೇಹೋಗಿದ್ದಾಳೆ ಅಂದ್ಕೊಂಡಿದ್ದೆ."

ಸಭೆ ನಕ್ಕಿತು. ನಾನು ಆ ನಗುವನ್ನು ಆಲಿಸಿದೆ. ಎಂಥ ನಗು ಇದು? ಹಿಂದಿನ ಸಾಲಿನಲ್ಲಿ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕಿದ್ದು ನನಗೆ ಹಿಡಿಸಲಿಲ್ಲ.

"ನಮ್ಮ ಸೊಸೆ ಸರಿಯಾಗಿ ಓದಿಸಿದ ಮೇಲೆ ಗೊತ್ತಾಯ್ತು, ಬದುಕಿದ್ದಾಳೆ ಅಂತ. ತಪ್ಪು ನಂದೇ. ಆದ್ರೆ ನೋಡಿ, ಆಕೆ ವಾಪಸ್ ಬಂದು ಹಜಾರದಲ್ಲಿ ಕೂತ ಮೇಲೂ, ನಿನಗೇನು ಬೇಕಮ್ಮ ಅಂತ ಮೂವರಲ್ಲಿ ಒಬ್ಬ ಅಣ್ಣನೂ ಕೇಳಲ್ಲ. ಆಕೇನೂ ಬಾಯಿ ಬಿಡಲ್ಲ. ಬರೆದವರಾದ್ರೂ ಕೇಳಬಹುದಿತ್ತು. ಅವರೂ ಕೇಳಲಿಲ್ಲ. ಸತ್ತಿದ್ದಾಳೆ ಅಂತ ನಾನು ಅಂದ್ಕೊಂಡಿದ್ರೆ, ಅದಕ್ಕೆ ಕಣ್ಣಿನ ಡಾಕ್ಟರೊಬ್ಬರೇ ಕಾರಣ ಅಲ್ಲ."

ಈ ಸಲದ ನಗು ಬೇರೆ ಥರದ್ದು. ಆ ಕಾದಂಬರಿಕಾರರು ತಲೆ ಕೆರೆದುಕೊಂಡು ಏನನ್ನೋ ಬರೆದುಕೊಂಡರು. ಕಿಟಕಿಯವನ ಕಾಲು ನೋವಿನ ವಿಷಯ ಬಂದಾಗ ಮೇಷ್ಟ್ರೂ ನಕ್ಕರು. ಹಿಂದಿನ ಸಾಲಿನ ಇಬ್ಬರೂ ಮುಂದಕ್ಕೆ ಬಾಗಿ ಕೂತಿದ್ದರು.

"ಇನ್ನು ಈ ಆತ್ಮಕಥೆ," ಎಂದು ಅತ್ತೆ ರೆಫರಿಯವರ ಕಡೆ ತಿರುಗಿದರು. "ಮಳೆಯಲ್ಲಿ ನಡೆದ ಆ ಆಟ. ಬೂಟಿಗೆ ಕೆಸರು ಹತ್ತಿ ನೀವು ಹಿಂದೆ ಬೀಳ್ತೀರಿ. ಚೆಂಡು ಗೆರೆ ದಾಟಿತೋ ಇಲ್ಲವೋ ನಿಮಗೆ ಕಾಣಲ್ಲ. ಆದ್ರೂ ಕಂಡವರ ಹಾಗೆ ಸೀಟಿ ಊದ್ತೀರಿ. ಅಲ್ಲಿಗೆ ಬಂದಾಗ ನನ್ನ ಕೈ ನಿಂತುಬಿಡ್ತು. ನನ್ನ ಕೈ ಸುಮ್ಮನೆ ನಿಲ್ಲಲ್ಲ, ಬೇಕಾದ್ರೆ ನನ್ನ ಮಗನ್ನ ಕೇಳಿ. ಆದ್ರೆ ನಿಮ್ಮ ಹೆಂಡತಿ ಇಡೀ ಪುಸ್ತಕದಲ್ಲಿ ಒಂದೇ ಕಡೆ ಬರ್ತಾರೆ. ನಿಮ್ಮ ಬೂಟು ಒರೆಸ್ತಾ ಇರ್ತಾರೆ. ಆಮೇಲೆ ಎಲ್ಲಿ ಹೋದರು? ಮನೆಯಲ್ಲೂ ಸೀಟಿ ಊದಿ ಮೈದಾನದಿಂದ ಆಚೆ ಕಳಿಸಿಬಿಟ್ರಾ?"

ಯಾರೋ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ರೆಫರಿಯವರು ಎದ್ದು ನಿಂತಿದ್ದರು.

"ಅಮ್ಮಾ, ನೀವು ನನ್ನ ಪುಸ್ತಕ ಪೂರ್ತಿ ಓದಿದ್ದೀರಾ?"

"ಮೊದಲನೇ ಫಾರಂ ಬಿಟ್ಟು ಉಳಿದದ್ದೆಲ್ಲ."

"ಅದನ್ನ ಯಾಕೆ ಬಿಟ್ರಿ?"

"ಅದು ನನಗೆ ಯಾವತ್ತೂ ಕೊನೆಗೇ."

ಸಭೆಯಲ್ಲಿ ಗುಜುಗುಜು ಎದ್ದಿತು. ರೆಫರಿಯವರು ತಮ್ಮ ಪ್ರತಿಯನ್ನು ತೆರೆದು, ವೇದಿಕೆಯ ತನಕ ತಾವೇ ನಡೆದು ಹೋಗಿ ಅತ್ತೆಯ ಕೈಗಿಟ್ಟರು. "ಇದನ್ನ ಓದಿ. ಎಲ್ಲರಿಗೂ ಕೇಳೋ ಹಾಗೆ."

ನಾನು ಕಣ್ಣು ಮುಚ್ಚಿಕೊಂಡೆ. ಓದುವ ಮೊದಲೇ ನನ್ನ ತುಟಿ ಆ ಸಾಲನ್ನು ಆಡುತ್ತಿತ್ತು. ಊಟದ ಹೊತ್ತಿನಲ್ಲೇ ಹೇಳಿಬಿಡಬೇಕಿತ್ತು.

ಅತ್ತೆ ಗಟ್ಟಿಯಾಗಿ ಓದಿದರು. "ಪ್ರತಿ ಆಟದ ದಿನವೂ ಬಾಗಿಲು ತೆರೆದಿಟ್ಟು ಕಾದವಳಿಗೆ. ಅವಳ ಬಗ್ಗೆ ಬರೆಯುವಷ್ಟು ಧೈರ್ಯ ನನಗಿಲ್ಲ."

ಅತ್ತೆ ಆ ಸಾಲನ್ನು ತಮ್ಮಷ್ಟಕ್ಕೆ ಇನ್ನೊಮ್ಮೆ ಓದಿಕೊಂಡರು. ಕನ್ನಡಕ ತೆಗೆದರು.

"ಚೆನ್ನಾಗಿದೆ," ಎಂದರು. "ನಾನು ಸೀಟಿಯ ಮಾತು ಆಡಬಾರದಿತ್ತು. ಅದನ್ನ ವಾಪಸ್ ತಗೋತೀನಿ. ಆದ್ರೆ ಮಿಕ್ಕಿದ್ದನ್ನ ತಗೊಳ್ಳಲ್ಲ. ಇದನ್ನ ಮೊದಲೇ ಓದಿದ್ರೆ ನಾನು ಪಾಪ ಅಂತ ಕಣ್ಣೊರೆಸ್ಕೊಂಡು, ಮುಂದೆ ಆಕೆ ಇಲ್ಲದ್ದನ್ನ ಗಮನಿಸ್ತಾನೇ ಇರಲಿಲ್ಲ. ಧೈರ್ಯ ಇಲ್ಲ ಅಂತ ಬರೆದರೆ, ಆಕೆಯ ಬಗ್ಗೆ ಬರೆದ ಹಾಗಾಗುತ್ತಾ? ಗೆರೆ ಕಾಣದೇ ಇದ್ದಾಗಲೂ ಸೀಟಿ ಊದಿದವರು ನೀವು. ಇದೊಂದಕ್ಕೆ ಯಾಕೆ ಹೆದರಿದ್ರಿ?"

ರೆಫರಿಯವರು ಅತ್ತೆಯ ಮುಂದೆಯೇ ನಿಂತಿದ್ದರು. ಅವರ ದವಡೆ ಬಿಗಿಯಾದದ್ದು, ಆಮೇಲೆ ಸಡಿಲವಾದದ್ದು ನನಗೆ ಕಾಣಿಸಿತು. ಅವರು ಸಭೆಯ ಕಡೆ ತಿರುಗಿ ಎರಡೂ ಕೈಗಳನ್ನು ಚಾಚಿದರು.

"ಫೌಲ್ ಇಲ್ಲ," ಎಂದರು. "ಆಟ ಮುಂದುವರಿಯಲಿ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ಹೆಂಗಸು ನನ್ನ ಕಡೆ ಬಾಗಿ, "ಯಾರು ಇವರು? ಎಲ್ಲಿ ಪಾಠ ಮಾಡ್ತಾರೆ?" ಎಂದು ಕೇಳಿದರು.

"ಪಾಠ ಮಾಡಲ್ಲ. ನಮ್ಮತ್ತೆ ಇವರು," ಎಂದೆ. ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ. ಮುಂದಿನ ಸಾಲಿನವರೂ ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.

ಹೊರಗೆ ಬೀದಿದೀಪಗಳು ಹತ್ತಿದ್ದವು. ನಮ್ಮವರು ಯಾರೊಂದಿಗೋ ಮಾತಾಡುತ್ತ ಹಿಂದುಳಿದರು. ಅತ್ತೆ ನನ್ನ ತೋಳು ಹಿಡಿದು ನಡೆದರು.

"ಆ ಸಾಲು ಅಲ್ಲಿದೆ ಅಂತ ನಿನಗೆ ಗೊತ್ತಿತ್ತು. ಒಂದೊಂದು ಪುಸ್ತಕಾನೂ ತಿರುವಿ ನೋಡೋಳು ನೀನು."

"ಗೊತ್ತಿತ್ತು ಅತ್ತೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಅದನ್ನೇ ಹೇಳ್ತಿದ್ರಿ. ನಿಮ್ಮದನ್ನ ಹೇಳ್ತಿರಲಿಲ್ಲ."

ಅತ್ತೆ "ಹೂಂ" ಎಂದರು. ಎದುರಿಗೆ ಬಂದ ಸೈಕಲ್ಲಿಗೆ ದಾರಿ ಬಿಟ್ಟರು. ಅವರ ನಡಿಗೆಯಲ್ಲಿ ಗೆದ್ದವರ ಗತ್ತು ಇತ್ತು. ಇರಲಿ ಬಿಡಿ, ಗಳಿಸಿದ್ದರಲ್ಲ.

"ಅದು ಸರಿ. ನೀನೂ ಆ ಪುಸ್ತಕ ಓದಿದ್ದೀಯಲ್ಲ. ನಿನಗೇನನ್ನಿಸ್ತು?"

"ನೀವು ಹೇಳಿದ್ದು ತಪ್ಪು ಅನ್ನಿಸ್ತು," ಎಂದೆ. ಮಾತು ಬಾಯಿಂದ ಹೊರಬಿದ್ದಿತ್ತು. ಅದನ್ನು ಹಿಡಿದು ನಿಲ್ಲಿಸಬೇಕೆಂದು ನನಗೆ ಅನ್ನಿಸಲೂ ಇಲ್ಲ. "ಆ ಬೂಟು ಒರೆಸೋ ಜಾಗದಲ್ಲಿ ಆಕೆ ಒಂದು ಬೂಟನ್ನ ಮಾತ್ರ ಒರೆಸ್ತಾರೆ. ಇನ್ನೊಂದನ್ನ ಕೆಸರಿನ ಜೊತೆಗೇ ಬಾಗಿಲ ಆಚೆ ಇಟ್ಟು ಒಳಗೆ ಹೋಗ್ತಾರೆ. ನೀವು ಅದನ್ನ ಗಮನಿಸಲಿಲ್ಲ. ನನಗೆ ಆಕೆ ಪೂರ್ತಿ ಅಲ್ಲೇ ಕಂಡರು."

ಅತ್ತೆ ನಡುರಸ್ತೆಯಲ್ಲಿ ನಿಂತುಬಿಟ್ಟರು. ನನ್ನ ಮುಖವನ್ನು ದಿಟ್ಟಿಸಿ ನೋಡಿದರು, ಹೊಸದಾಗಿ ಬಂದ ಫಾರಂ ಒಂದನ್ನು ಎದುರಿಗೆ ಆನಿಸಿಕೊಂಡ ಹಾಗೆ.

"ತಪ್ಪು ಅಂತೀಯಾ? ನನ್ನನ್ನ?"

"ಹೂಂ ಅತ್ತೆ."

"ಸರಿ, ಹೇಳು ಹಾಗಾದ್ರೆ," ಎಂದು ಅವರು ನನ್ನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. "ನಿಧಾನಕ್ಕೆ ನಡಿ. ಮನೆ ಹತ್ರಾನೇ ಇದೆ."